ಬ್ಲ್ಯಾಕ್‌ಬೆರಿ ನಲವತ್ತು: ಹಳೆಯ ಒಕ್ಕಲು, ಹೊಸ ಅಡಿಪಾಯ

1984–1991: ಬೇಗಲ್ ಅಂಗಡಿಯ ಮಹಡಿ

ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಟರ್‌ಲೂ ಒಂದು ಕಾಲಕ್ಕೆ ವಿಮಾ ಕಂಪನಿಗಳಿಗೂ ಸೀಗ್ರಮ್ ವಿಸ್ಕಿಗೂ ಹೆಸರಾದ ಊರು. 1957ರಲ್ಲಿ ಅಲ್ಲಿಗೆ ವಿಶ್ವವಿದ್ಯಾಲಯ ಬಂತು. ಕೆಲವು ತಿಂಗಳು ತರಗತಿ, ಕೆಲವು ತಿಂಗಳು ಯಾವುದಾದರೂ ಕಂಪನಿಯಲ್ಲಿ ಸಂಬಳದ ಕೆಲಸ ಎಂಬ ಅದರ ಪದ್ಧತಿಯಿಂದ ಕೈಕೆಲಸ ಬಲ್ಲ ಎಂಜಿನಿಯರುಗಳ ಒಂದು ಪೀಳಿಗೆಯೇ ಬೆಳೆಯಿತು. ಮೈಕ್ ಲಜಾರಿಡಿಸ್ ಈ ಪೀಳಿಗೆಯವರು. ಇಸ್ತಾಂಬುಲ್‌ನ ಗ್ರೀಕ್ ಕುಟುಂಬದಲ್ಲಿ ಹುಟ್ಟಿ, ಐದರ ವಯಸ್ಸಿನಲ್ಲಿ ಕೆನಡಾಕ್ಕೆ ಬಂದು, ವಿಂಡ್ಸರ್ ಪಟ್ಟಣದಲ್ಲಿ ಬೆಳೆದವರು. ಪದವಿಗೆ ಇನ್ನೆರಡು ತಿಂಗಳು ಬಾಕಿಯಿರುವಾಗಲೇ ಓದು ಬಿಟ್ಟು, ಬಾಲ್ಯದ ಗೆಳೆಯ ಡಗ್ಲಸ್ ಫ್ರೆಗಿನ್ ಜೊತೆ 1984ರ ಮಾರ್ಚ್‌ನಲ್ಲಿ ‘ರಿಸರ್ಚ್ ಇನ್ ಮೋಷನ್’ (ರಿಮ್) ಕಂಪನಿ ಹುಟ್ಟುಹಾಕಿದರು. ಬಂಡವಾಳವೆಂದರೆ ಪ್ರಾಂತ್ಯ ಸರ್ಕಾರದ ನವೋದ್ಯಮ ಯೋಜನೆಯ 15,000 ಡಾಲರ್ ಸಾಲ, ಜೊತೆಗೆ ಅಪ್ಪ ಅಮ್ಮ ಕೊಟ್ಟ ಕೈಗಡ. ಕಚೇರಿ ಒಂದು ಬೇಗಲ್ ಅಂಗಡಿಯ ಮೇಲೆ.

ಆರಂಭದಲ್ಲಿ ಸಿಕ್ಕ ಕೆಲಸವನ್ನೆಲ್ಲ ಮಾಡಿದರು. ಜನರಲ್ ಮೋಟರ್ಸ್ ಕಾರ್ಖಾನೆಗೆ ಸಂದೇಶ ತೋರಿಸುವ ಫಲಕಗಳ ಜಾಲ ಕಟ್ಟಿಕೊಟ್ಟರು. ಸಿನಿಮಾ ರೀಲಿನ ಅಂಚಿನ ಬಾರ್‌ಕೋಡ್ ಓದುವ ಯಂತ್ರ ಮಾಡಿದರು. ಮುಂದೆ ಅದಕ್ಕೆ ಎಮ್ಮಿಯೂ ಬಂತು, ತಾಂತ್ರಿಕ ವಿಭಾಗದ ಆಸ್ಕರೂ ಬಂತು. ಆದರೆ ಕಂಪನಿಯ ಹಣೆಬರಹ ಬರೆದದ್ದು ಮೊಬಿಟೆಕ್ಸ್ ಎಂಬ, ಅಕ್ಷರಸಂದೇಶಗಳನ್ನು ಮಾತ್ರ ಸಾಗಿಸುವ ನಿಸ್ತಂತು ಜಾಲ. ಮಾತಿಗಾಗಿ ಕಟ್ಟದ, ಚಿಕ್ಕ ಪೊಟ್ಟಣಗಳನ್ನು ನಿಧಾನಕ್ಕೆ ಸಾಗಿಸುವ ಈ ಜಾಲದಿಂದ ಏನು ಪ್ರಯೋಜನ ಎಂದು ಹೆಚ್ಚಿನವರಿಗೆ ತೋಚದ ದಿನಗಳಲ್ಲಿ ಇವರು ಅದರ ಒಳಹೊರಗನ್ನು ಕಲಿತರು. ಕಿರಿದಾದ ದಾರಿಯಲ್ಲಿ ಒಂದು ಬೈಟನ್ನೂ ಪೋಲು ಮಾಡದೆ ಸಾಗುವ ಜಿಪುಣತನ ಅಲ್ಲಿಂದಲೇ ಮೈಗೂಡಿತು. ಇಪ್ಪತ್ತು ವರ್ಷ ಅದೇ ಅವರ ಬಲ. ಆಮೇಲೆ ಅದೇ ತೊಡಕು.

1992–1999: ಪೇಜರಿನಿಂದ ಬ್ಲ್ಯಾಕ್‌ಬೆರಿಗೆ

1992ರಲ್ಲಿ ಜಿಮ್ ಬಾಲ್ಸಿಲಿ ಬಂದರು. ಲೆಕ್ಕಪತ್ರ ಓದಿದವರು, ಹಾರ್ವರ್ಡ್‌ನ ಎಂಬಿಎ, ಮನೆ ಅಡವಿಟ್ಟು ಕಂಪನಿಗೆ ದುಡ್ಡು ಹಾಕಿದವರು. ಲಜಾರಿಡಿಸ್ ಯಂತ್ರ ನೋಡಿಕೊಂಡರೆ ಬಾಲ್ಸಿಲಿ ವ್ಯವಹಾರ ನೋಡಿಕೊಂಡರು. ಇಬ್ಬರು ಮುಖ್ಯಸ್ಥರ ಈ ಏರ್ಪಾಡು ಸುಮಾರು ಇಪ್ಪತ್ತು ವರ್ಷ ನಡೆಯಿತು. ಇಷ್ಟು ವರ್ಷ ಇಂಥ ಜೋಡಿ ಬಾಳಿದ್ದೇ ವ್ಯಾಪಾರ ಲೋಕದಲ್ಲಿ ಅಪರೂಪ.

1996ರಲ್ಲಿ ಎರಡೂ ಕಡೆಗೆ ಸಂದೇಶ ಹೋಗಿಬರುವ ಪೇಜರ್ ಬಂತು. 1997ರಲ್ಲಿ ಷೇರುಗಳು ಟೊರೊಂಟೊ ಪೇಟೆಗೆ ಹೋದವು. 1999ರ ಜನವರಿಯಲ್ಲಿ ಬಂದದ್ದು ಬ್ಲ್ಯಾಕ್‌ಬೆರಿ 850: ಅಂಗೈಯಗಲದ ಪೇಜರು, ಒಂದೇ ಒಂದು ಎಎ ಬ್ಯಾಟರಿ, ಒಳಗೆ ಇಂಟೆಲ್‌ನ ಹಳೆಯ 386 ಚಿಪ್ಪು, ಎರಡು ಹೆಬ್ಬೆರಳಿಗೆಂದೇ ಜೋಡಿಸಿದ ಕೀಲಿಮಣೆ. ದೂರವಾಣಿ ಅದರಲ್ಲಿರಲಿಲ್ಲ. ಇದ್ದದ್ದು ಇಮೇಲ್ ಮಾತ್ರ, ಅದೂ ತಾನಾಗಿಯೇ ಬಂದು ಬೀಳುವ ಇಮೇಲ್.

ಆಗಿನ ಅಗತ್ಯವನ್ನು ಇಂದು ನೆನಪಿಸಿಕೊಳ್ಳುವುದು ಕಷ್ಟ. ಕಚೇರಿ ವ್ಯವಹಾರವೆಲ್ಲ ಇಮೇಲಿಗೆ ಸರಿದಿತ್ತು, ಇಮೇಲ್ ಮಾತ್ರ ಮೇಜಿನ ಮೇಲೆಯೇ ಕೂತಿತ್ತು. ಪ್ರವಾಸದಲ್ಲಿದ್ದವರು ಹೋಟೆಲಿನ ಗೋಡೆಯಲ್ಲಿ ಟೆಲಿಫೋನ್ ಸಾಕೆಟ್ ಹುಡುಕಿ, ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ, ಮೋಡೆಮ್ ಕಿರುಚುವುದನ್ನು ಕೇಳುತ್ತ ಕಾಯಬೇಕಿತ್ತು. ಬ್ಲ್ಯಾಕ್‌ಬೆರಿಯವರು ಗಿರಾಕಿ ಕಂಪನಿಯ ಕಂಪ್ಯೂಟರ್ ಕೋಣೆಯಲ್ಲೇ ತಮ್ಮದೊಂದು ಸರ್ವರ್ ಕೂರಿಸಿದರು. ಅಂಚೆಪೆಟ್ಟಿಗೆಗೆ ಪತ್ರ ಬಿದ್ದ ಕೂಡಲೇ ಅದು ಪತ್ರವನ್ನು ಕುಗ್ಗಿಸಿ, ಗುಪ್ತಲಿಪಿಗೆ ಇಳಿಸಿ, ವಾಟರ್‌ಲೂನ ಜಾಲದ ಮೂಲಕ ಸೊಂಟದ ಮೇಲಿನ ಸಾಧನಕ್ಕೆ ತಳ್ಳುತ್ತಿತ್ತು. ಬ್ಲ್ಯಾಕ್‌ಬೆರಿಯನ್ನು ಆರಿಸುತ್ತಿದ್ದವನು ಅದನ್ನು ಹಿಡಿದು ಓಡಾಡುವ ಅಧಿಕಾರಿಯಲ್ಲ, ಈ ಸರ್ವರ್ ನೋಡಿಕೊಳ್ಳುವ ಐಟಿ ವಿಭಾಗದ ಮ್ಯಾನೇಜರು. ಮುಂದಿನ ಕಥೆಗೆ ಈ ಮಾತು ಮುಖ್ಯ.

1999–2007: ಕಟ್ಟಡಗಳು, ಕೀರ್ತಿ, ಒಂದು ಮೊಕದ್ದಮೆ

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಮೊಬೈಲ್ ಜಾಲಗಳು ಕಿಕ್ಕಿರಿದು ಕೂತಾಗ ಬ್ಲ್ಯಾಕ್‌ಬೆರಿ ಸಂದೇಶಗಳು ಹೋಗುತ್ತಲೇ ಇದ್ದವು. ಅಮೆರಿಕದ ಸರ್ಕಾರಿ ಕಚೇರಿಗಳು ಆ ಮೇಲೆ ಈ ಸಾಧನವನ್ನು ಬಿಡಲಿಲ್ಲ. 2002ರಲ್ಲಿ ಅದಕ್ಕೆ ಫೋನ್ ಸೇರಿತು, ಮರುವರ್ಷ ಬಣ್ಣ ಬಂತು, 2004ರಲ್ಲಿ ಚಂದಾದಾರರು ಹತ್ತು ಲಕ್ಷ ದಾಟಿದರು. 2005ರಲ್ಲಿ ಬ್ಲ್ಯಾಕ್‌ಬೆರಿ ಮೆಸೆಂಜರ್ ಬಂತು. ಎಲ್ಲರ ಬಾಯಲ್ಲಿ ಬಿಬಿಎಂ ಆದ ಈ ಸೇವೆಯಲ್ಲಿ ಸಂದೇಶ ಮುಟ್ಟಿದರೆ ‘ಡಿ’, ಓದಿದರೆ ‘ಆರ್’ ಎಂಬ ಗುರುತು ಬೀಳುತ್ತಿತ್ತು. ಇಂದಿನ ನೀಲಿ ಗೆರೆಗಳ ಜಗಳಗಳೆಲ್ಲ ಅಲ್ಲಿಂದ ಶುರು.

ವಾಟರ್‌ಲೂ ಊರೇ ಬದಲಾಯಿತು. ವಿಶ್ವವಿದ್ಯಾಲಯದ ಪಕ್ಕದ ಫಿಲಿಪ್ ಬೀದಿಯಲ್ಲಿ ಒಂದರ ಬೆನ್ನಿಗೊಂದು ಕಟ್ಟಡ ಎದ್ದವು. ಊರಾಚೆಯ ಕ್ರೀಡಾಂಗಣಕ್ಕೆ ‘ರಿಮ್ ಪಾರ್ಕ್’ ಎಂಬ ಹೆಸರಾಯಿತು. ಲಜಾರಿಡಿಸ್ ತಮ್ಮ ಸ್ವಂತ ಹಣದಲ್ಲಿ ಹತ್ತು ಕೋಟಿ ಡಾಲರ್ ಕೊಟ್ಟು ಸೈದ್ಧಾಂತಿಕ ಭೌತಶಾಸ್ತ್ರಕ್ಕೆ ಪೆರಿಮೀಟರ್ ಇನ್‌ಸ್ಟಿಟ್ಯೂಟ್ ಕಟ್ಟಿಸಿದರು. ಹಳೆಯ ಐಸ್ ಹಾಕಿ ಮೈದಾನವಿದ್ದ ಜಾಗದಲ್ಲಿ 2004ರಲ್ಲಿ ಅದರ ಕಪ್ಪು ಗಾಜಿನ ಭವನ ತೆರೆಯಿತು. ಬಾಲ್ಸಿಲಿ ಜಾಗತಿಕ ಆಡಳಿತದ ಅಧ್ಯಯನ ಕೇಂದ್ರ ಸ್ಥಾಪಿಸಿದರು. ಸೀಗ್ರಮ್ ಕಂಪನಿಯ ಹಳೆಯ ವಸ್ತುಸಂಗ್ರಹಾಲಯದಲ್ಲಿ ಅದಕ್ಕೆ ನೆಲೆ ಸಿಕ್ಕಿತು. ಪೇಜರ್ ಮಾರಿ ಕ್ವಾಂಟಮ್ ಭೌತಶಾಸ್ತ್ರ ಸಾಕಿದ ಊರು ಬೇರೆ ಎಲ್ಲಿದೆಯೋ ಕಾಣೆ. ಫೋನುಗಳು ಹೋದರೂ ಈ ಸಂಸ್ಥೆಗಳು ಗಟ್ಟಿಯಾಗಿ ನಿಂತಿವೆ. ನನ್ನನ್ನು ಕೇಳಿದರೆ ಕಂಪನಿಯ ಸಾಧನೆಯ ಪಟ್ಟಿಯಲ್ಲಿ ಇವು ಮೇಲ್ಸಾಲಿನಲ್ಲಿರಬೇಕು.

ಪೇಟೆಂಟ್ ಹಕ್ಕಿನ ಬಗ್ಗೆ ಎನ್‌ಟಿಪಿ ಎಂಬ ಸಂಸ್ಥೆ ಹೂಡಿದ್ದ ದಾವೆ 2006ರಲ್ಲಿ 61.25 ಕೋಟಿ ಡಾಲರಿಗೆ ರಾಜಿಯಾಯಿತು. ದೊಡ್ಡ ಮೊತ್ತವೇ, ಆದರೆ ಆ ಬೆಳವಣಿಗೆಯ ಭರದಲ್ಲಿ ಅದೂ ಕರಗಿಹೋಯಿತು.

ಭಾರತಕ್ಕೆ ಸೇವೆ ಬಂದದ್ದು 2004ರಲ್ಲಿ, ಏರ್‌ಟೆಲ್ ಮೂಲಕ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಯಾರ ಸೊಂಟದಲ್ಲಿ ಬ್ಲ್ಯಾಕ್‌ಬೆರಿ ಇದೆ ಎಂಬುದರ ಮೇಲೆ ಯಾರು ಯಾವ ಹುದ್ದೆಗೇರಿದ್ದಾರೆ ಎಂದು ಹೇಳಿಬಿಡಬಹುದಿತ್ತು. ಅಮೆರಿಕದ ಗಿರಾಕಿಗೆ ಹಗಲಾದಾಗ ಇಲ್ಲಿ ಹೊಸ ಸಂದೇಶ ಬಂತೆಂದು ಸಾರುವ ಅದರ ಕೆಂಪು ದೀಪ ಮಿನುಗುತ್ತಿತ್ತು. 2010ರ ಹೊತ್ತಿಗೆ ಕಾಲೇಜು ಹುಡುಗರಿಗೂ ಬಿಬಿಎಂ ಹಿಡಿಸಿತ್ತು. ಕೋಟು ತೊಟ್ಟ ಅಧಿಕಾರಿಗಳ ಹಾಡಿನ ನಡುವೆ ಹುಡುಗ ಹುಡುಗಿಯರು ನುಗ್ಗುವ ವೊಡಾಫೋನ್‌ನ ‘ಬ್ಲ್ಯಾಕ್‌ಬೆರಿ ಬಾಯ್ಸ್’ ಜಾಹೀರಾತು ಆ ಬದಲಾವಣೆಯನ್ನೇ ಹೇಳುತ್ತಿತ್ತು. ಗುಪ್ತಲಿಪಿಯ ಸಂದೇಶಗಳನ್ನು ತನಿಖಾ ಸಂಸ್ಥೆಗಳಿಗೆ ತೆರೆದಿಡಿ ಎಂದು ಭಾರತ ಸರ್ಕಾರ ಅದೇ ವರ್ಷ ಆಗಸ್ಟ್ 31ರ ಗಡುವು ಕೊಟ್ಟದ್ದೂ ಉಂಟು. ಮಾತುಕತೆ ಎಳೆದಾಡಿ ಕೊನೆಗೆ ಮುಂಬಯಿಯಲ್ಲಿ ಸರ್ವರ್ ಇಡುವಲ್ಲಿಗೆ ತಲುಪಿತು.

2007–2010: ಒಳಗಿನ ದಣಿವು

2007ರ ಜನವರಿಯಲ್ಲಿ ಆ್ಯಪಲ್ ಐಫೋನ್ ತೋರಿಸಿತು. ವಾಟರ್‌ಲೂನಲ್ಲಿ ಯಾರೂ ನಿದ್ದೆಗೆಡಲಿಲ್ಲ, ನಿದ್ದೆಗೆಡಲು ಲೆಕ್ಕಪುಸ್ತಕದಲ್ಲಿ ಕಾರಣವೂ ಇರಲಿಲ್ಲ. ಚಂದಾದಾರರು ಏರುತ್ತಲೇ ಇದ್ದರು. 2010ರ ಫೆಬ್ರುವರಿಗೆ ನಾಲ್ಕು ಕೋಟಿ ದಾಟಿದರು. ಅಧ್ಯಕ್ಷ ಒಬಾಮ ಕೂಡ 2009ರಲ್ಲಿ ತಮ್ಮ ಬ್ಲ್ಯಾಕ್‌ಬೆರಿ ಬಿಟ್ಟುಕೊಡಲು ಒಪ್ಪಲಿಲ್ಲ.

ತೊಂದರೆ ಇದ್ದದ್ದು ಅಡಿಪಾಯದಲ್ಲಿ. ಪೇಜರಿಗೆಂದು ಕಟ್ಟಿದ ಕಾರ್ಯಾಚರಣೆ ವ್ಯವಸ್ಥೆಯ ಮೇಲೆ ಜಾವಾ, ಅದರ ಮೇಲೆ ಫೋನು, ಕ್ಯಾಮೆರಾ, ನಕ್ಷೆ ಹೀಗೆ ಪದರದ ಮೇಲೆ ಪದರ ಬಿದ್ದಿತ್ತು. ಬ್ಯಾಟರಿ ತೆಗೆದು ಹಾಕಿದರೆ ಫೋನ್ ಮತ್ತೆ ಏಳಲು ಹಲವು ನಿಮಿಷ ಬೇಕಾಗುತ್ತಿತ್ತು; ಆ ಮರಳು ಗಡಿಯಾರದ ಚಿಹ್ನೆ ನೋಡಿ ಬೇಸತ್ತವರು ಎಷ್ಟೋ ಮಂದಿ. ಬ್ರೌಸರ್ ಜಾಲತಾಣವನ್ನು ಹಿಂಡಿ ಹಿಪ್ಪೆ ಮಾಡಿ ತೋರಿಸುತ್ತಿತ್ತು. 2008ರ ಕೊನೆಯಲ್ಲಿ ಅಮೆರಿಕದ ವೆರಿಜೋನ್ ಕೋರಿಕೆಯಂತೆ ಬಂದ ‘ಸ್ಟಾರ್ಮ್’ ಫೋನಿನಲ್ಲಿ ಕೀಲಿಮಣೆಯ ಬದಲು ಇಡೀ ಪರದೆಯನ್ನೇ ಗುಂಡಿಯಂತೆ ಒತ್ತಬೇಕಿತ್ತು, ವೈಫೈ ಇರಲಿಲ್ಲ. ಬೇಗ ಮಾರಾಟವಾಯಿತು, ಅಷ್ಟೇ ಬೇಗ ದೂರುಗಳೂ ಬಂದವು. ತೇಪೆ ಹಾಕಿ ಇನ್ನು ಸಾಗದು ಎಂಬ ಮಾತು ಒಳಗೇ ಶುರುವಾದದ್ದು ಆಗ.

2010–2013: ಅಡಿಪಾಯದ ಬದಲಾವಣೆ

2010ರ ಏಪ್ರಿಲ್‌ನಲ್ಲಿ ಕಂಪನಿ ಹರ್ಮನ್ ಸಂಸ್ಥೆಯಿಂದ ಕ್ಯೂಎನ್‌ಎಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಕಂಪನಿಯನ್ನು ಕೊಂಡಿತು, ಸುಮಾರು 20 ಕೋಟಿ ಡಾಲರಿಗೆ. ನಲವತ್ತು ವರ್ಷದಲ್ಲಿ ಮಾಡಿದ ಖರೀದಿಗಳಲ್ಲಿ ಇದೇ ಅತ್ಯುತ್ತಮ ಎಂದರೆ ತಪ್ಪಾಗದು. ಗೋರ್ಡನ್ ಬೆಲ್, ಡ್ಯಾನ್ ಡಾಡ್ಜ್ ಎಂಬ ಇಬ್ಬರು ವಿದ್ಯಾರ್ಥಿಗಳು ಇದೇ ವಾಟರ್‌ಲೂ ವಿಶ್ವವಿದ್ಯಾಲಯದ ತರಗತಿಯೊಂದರಲ್ಲಿ ಕಲಿತದ್ದನ್ನು ಬೆಳೆಸಿ 1980ರಲ್ಲಿ ಆರಂಭಿಸಿದ ಕಂಪನಿ ಅದು; ನೆಲೆ ಒಟ್ಟಾವಾ. ಎಂಬತ್ತರ ದಶಕದಲ್ಲಿ ಒಂಟಾರಿಯೊದ ಶಾಲೆಗಳಿಗೆಂದು ಸರ್ಕಾರ ಮಾಡಿಸಿದ ‘ಐಕಾನ್’ ಕಂಪ್ಯೂಟರುಗಳೂ ಕ್ಯೂಎನ್‌ಎಕ್ಸ್ ಮೇಲೆಯೇ ನಡೆದಿದ್ದವು. ಆ ಮೇಲೆ ಕಾರು, ವೈದ್ಯಕೀಯ ಉಪಕರಣ, ಅಣುಸ್ಥಾವರಗಳಿಗೆ ಹೋಯಿತು.

ಅಲ್ಲಿಗೆಲ್ಲ ಹೋಗಲು ಕಾರಣ ಅದರ ಒಳರಚನೆ. ಸಾಮಾನ್ಯ ವ್ಯವಸ್ಥೆಗಳಲ್ಲಿ ಪರದೆ, ರೇಡಿಯೊ, ಕಡತಗಳನ್ನು ನಡೆಸುವ ಚಾಲಕ ತಂತ್ರಾಂಶಗಳೆಲ್ಲ ನಡುವಿನ ತಿರುಳಿನೊಳಗೇ ಇರುತ್ತವೆ. ಒಂದು ಮುಗ್ಗರಿಸಿದರೆ ಎಲ್ಲವೂ ಬೀಳುತ್ತದೆ. ಕ್ಯೂಎನ್‌ಎಕ್ಸ್‌ನಲ್ಲಿ ತಿರುಳು ಬಹಳ ಚಿಕ್ಕದು, ಅದರ ಕೆಲಸ ಹೆಚ್ಚಾಗಿ ಸಂದೇಶ ಹಂಚುವುದು, ಸರದಿ ಗೊತ್ತುಮಾಡುವುದು. ಉಳಿದವೆಲ್ಲ ಹೊರಗೆ, ತಮ್ಮ ತಮ್ಮ ಬೇಲಿಯೊಳಗೆ. ಒಂದು ಕೆಟ್ಟರೆ ಅದನ್ನಷ್ಟೇ ನಿಲ್ಲಿಸಿ ಮತ್ತೆ ಶುರು ಮಾಡಬಹುದು, ಬಳಸುವವನಿಗೆ ಗೊತ್ತೂ ಆಗದಂತೆ. ವರ್ಷಗಟ್ಟಲೆ ಆರದೆ ಉರಿಯಬೇಕಾದ ಯಂತ್ರಗಳಿಗೆ ಬೇಕಾದ ಗುಣ ಇದು.

ಹೊರರೂಪಕ್ಕೆಂದು ಅದೇ ವರ್ಷದ ಕೊನೆಗೆ ಸ್ವೀಡನ್ನಿನ ಮಾಲ್ಮೊದ ವಿನ್ಯಾಸ ಕಂಪನಿ ‘ದಿ ಅಸ್ಟಾನಿಶಿಂಗ್ ಟ್ರೈಬ್’ ಅನ್ನೂ ಕೊಂಡರು. ಹೊಸ ಅಡಿಪಾಯದ ಮೊದಲ ಫಲ 2011ರ ಏಪ್ರಿಲ್‌ನ ಪ್ಲೇಬುಕ್ ಟ್ಯಾಬ್ಲೆಟ್. ಇಮೇಲಿನಿಂದ ಹೆಸರಾದ ಕಂಪನಿಯ ಟ್ಯಾಬ್ಲೆಟಿನಲ್ಲಿ ಇಮೇಲೇ ಇರಲಿಲ್ಲ. ಪಕ್ಕದಲ್ಲಿ ಬ್ಲ್ಯಾಕ್‌ಬೆರಿ ಫೋನ್ ಇಟ್ಟು ಅದರ ಮೂಲಕ ಓದಬೇಕಿತ್ತು. ವರ್ಷಾಂತ್ಯಕ್ಕೆ ಮಾರಾಟವಾಗದ ಪ್ಲೇಬುಕ್‌ಗಳ ಬಾಬ್ತಿನಲ್ಲಿ 48.5 ಕೋಟಿ ಡಾಲರ್ ನಷ್ಟ ಬರೆದುಕೊಳ್ಳಬೇಕಾಯಿತು. ಅದೇ ಅಕ್ಟೋಬರಿನಲ್ಲಿ ಮುಖ್ಯ ಸ್ವಿಚ್ಚೊಂದು ಕೆಟ್ಟು, ಬದಲಿ ವ್ಯವಸ್ಥೆಯೂ ಕೈಕೊಟ್ಟು, ಯುರೋಪು, ಭಾರತ, ಆಫ್ರಿಕಗಳಿಂದ ಹಿಡಿದು ಅಮೆರಿಕದವರೆಗೆ ಸೇವೆ ದಿನಗಟ್ಟಲೆ ನಿಂತಿತು. ಲಜಾರಿಡಿಸ್ ವಿಡಿಯೊದಲ್ಲಿ ಬಂದು ಕ್ಷಮೆ ಕೇಳಿದರು.

ಈ ಅವಧಿಯಲ್ಲಿ ಆಡಳಿತದಲ್ಲಿ ಅಭಿಪ್ರಾಯ ಭೇದಗಳು ಇದ್ದವು, ಇರದಿದ್ದರೇ ಆಶ್ಚರ್ಯ. ಬಿಬಿಎಂ ಅನ್ನು ಬೇರೆ ಕಂಪನಿಗಳ ಫೋನಿಗೂ ಕೊಡಬೇಕೆಂಬ ವಿಚಾರ ಬಾಲ್ಸಿಲಿಯವರದು. ಕೀಲಿಮಣೆಯೇ ನಮ್ಮ ಗುರುತು, ಅದನ್ನು ಬಿಟ್ಟು ಪರದೆಯ ಹಿಂದೆ ಓಡಬಾರದು ಎಂಬುದು ಲಜಾರಿಡಿಸ್ ಅವರ ನಿಲುವು. 2012ರ ಜನವರಿಯಲ್ಲಿ ಇಬ್ಬರೂ ಅಧಿಕಾರ ಬಿಟ್ಟುಕೊಟ್ಟು, ಸೀಮೆನ್ಸ್‌ನಿಂದ ಬಂದಿದ್ದ ಥಾರ್ಸ್ಟನ್ ಹೈನ್ಸ್ ಅವರಿಗೆ ದಾರಿ ಮಾಡಿದರು. ಕ್ಯೂಎನ್‌ಎಕ್ಸ್ ಮೇಲೆ ಕಟ್ಟುತ್ತಿದ್ದ ಫೋನುಗಳ ಹೊಸ ವ್ಯವಸ್ಥೆ, ಬ್ಲ್ಯಾಕ್‌ಬೆರಿ 10, ಆ ವರ್ಷ ಬರಲಿಲ್ಲ. ಜೂನ್‌ನಲ್ಲಿ ಅದನ್ನು ಮುಂದಿನ ವರ್ಷಕ್ಕೆ ಮುಂದೂಡಿ, 5,000 ಕೆಲಸಗಳ ಕಡಿತವನ್ನೂ ಸಾರಿದರು. ಆದರೂ ಸೆಪ್ಟೆಂಬರ್ ಹೊತ್ತಿಗೆ ಚಂದಾದಾರರ ಸಂಖ್ಯೆ ಎಂಟು ಕೋಟಿ ಮುಟ್ಟಿತ್ತು. ಅಷ್ಟು ಜನ ಒಕ್ಕಲಿರುವಾಗಲೇ ಮನೆಯ ಪಾಯ ಕಿತ್ತು ಹೊಸದು ಹಾಕುವ ಕೆಲಸ ಅದು.

ಆ್ಯಪ್ ಬರೆಯುವವರನ್ನು ಒಲಿಸಲು ಕಂಪನಿ ಮಾಡದ ಪ್ರಯತ್ನವಿಲ್ಲ. 2012ರ ಮೇ ತಿಂಗಳ ಒರ್ಲಾಂಡೊ ಸಮಾವೇಶದಲ್ಲಿ ಪ್ರಯೋಗದ ಫೋನುಗಳನ್ನು ಹಂಚಿದರು. ಯೋಗ್ಯವೆನಿಸಿದ ಆ್ಯಪ್ ಮೊದಲ ವರ್ಷ ಸಾವಿರ ಡಾಲರ್ ದುಡಿದರೆ, ಹತ್ತು ಸಾವಿರಕ್ಕೆ ಕಡಿಮೆಬಿದ್ದುದನ್ನು ತಾವೇ ತುಂಬುವುದಾಗಿ ಮಾತು ಕೊಟ್ಟರು. ಆಂಡ್ರಾಯ್ಡ್ ಆ್ಯಪ್‌ಗಳು ಒಳಗೆ ಓಡುವಂತೆಯೂ ಮಾಡಿದರು. 2013ರ ಜನವರಿ 30ರಂದು ಬ್ಲ್ಯಾಕ್‌ಬೆರಿ 10 ಬಿಡುಗಡೆಯಾದಾಗ ಅಂಗಡಿಯಲ್ಲಿ 70,000 ಆ್ಯಪ್‌ಗಳಿದ್ದವು. ಇನ್‌ಸ್ಟಾಗ್ರಾಂ ಇರಲಿಲ್ಲ. ಕಂಪನಿ ಅಂದೇ ತನ್ನ ಹೆಸರನ್ನೂ ಬ್ಲ್ಯಾಕ್‌ಬೆರಿ ಎಂದು ಬದಲಿಸಿಕೊಂಡಿತು.

ವ್ಯವಸ್ಥೆ ಮಾತ್ರ ನಿಜಕ್ಕೂ ಸೊಗಸು. ಯಾವ ಕೆಲಸದಲ್ಲಿದ್ದರೂ ಪರದೆಯ ಕೆಳಗಂಚಿನಿಂದ ಹೆಬ್ಬೆರಳು ಮೇಲಕ್ಕೆಳೆದರೆ ಪುಟ ಒಂದಿಷ್ಟು ಸರಿದು ಬಂದಿರುವ ಸಂದೇಶಗಳ ಚಿಹ್ನೆ ಕಾಣುತ್ತಿತ್ತು. ಬೆರಳೆತ್ತದೆ ಬಲಕ್ಕೆ ತಿರುಗಿಸಿದರೆ ಇಮೇಲ್, ಬಿಬಿಎಂ, ಎಸ್‌ಎಂಎಸ್ ಎಲ್ಲ ಒಂದೇ ಪಟ್ಟಿಯಲ್ಲಿದ್ದ ‘ಹಬ್’ ಇಣುಕುತ್ತಿತ್ತು. ಬೇಡವೆನಿಸಿದರೆ ಬೆರಳು ಹಿಂದಕ್ಕೆಳೆದರಾಯಿತು, ಮಾಡುತ್ತಿದ್ದ ಕೆಲಸ ಇದ್ದಲ್ಲೇ ಇದೆ. ಟೈಪ್ ಮಾಡುವಾಗ ಮುಂದಿನ ಪದ ಅಕ್ಷರದ ತಲೆಯ ಮೇಲೆಯೇ ತೇಲುತ್ತಿತ್ತು. ಬೆರಳಲ್ಲಿ ಮೇಲಕ್ಕೆ ಚಿಮ್ಮಿದರೆ ವಾಕ್ಯಕ್ಕೆ ಹಾರಿ ಕೂರುತ್ತಿತ್ತು. ಕಚೇರಿಯ ಕಡತ, ಮನೆಯ ಫೋಟೊ ಒಂದೇ ಫೋನಿನಲ್ಲಿ ಗೋಡೆ ಕಟ್ಟಿದಂತೆ ಬೇರೆಬೇರೆಯಾಗಿ ಇರುತ್ತಿದ್ದವು.

2013–2016: ಒಕ್ಕಲು ಬಯಸಿದ್ದೇನು

ಇಷ್ಟಾಗಿಯೂ ಹಳಬರು ಬರಲಿಲ್ಲ. ಇದಕ್ಕೆ ಆ್ಯಪ್‌ಗಳ ಕೊರತೆಯೇ ಕಾರಣ ಎನ್ನುವುದು ರೂಢಿ. ಹೊಸಬರು ಬಾರದ್ದಕ್ಕೆ ಅದು ಸರಿ. ಹಳಬರು ಉಳಿಯದ್ದಕ್ಕೆ ಅದು ಸಾಲದು ಎಂಬುದು ನನ್ನ ಎಣಿಕೆ.

ಮೊದಲು ಬಂದದ್ದು ಝಡ್10, ಪೂರ್ತಿ ಪರದೆಯದು. ಭಾರತದಲ್ಲಿ ಬೆಲೆ 43,490 ರೂಪಾಯಿ. ಕೀಲಿಮಣೆಯ ಕ್ಯೂ10 ಬರಲು ಇನ್ನೂ ತಿಂಗಳುಗಳು ಹಿಡಿದವು. ಬಂದಾಗಲೂ ಕೀಲಿಮಣೆಯ ಮೇಲಿನ ಸಾಲು ಮಾಯವಾಗಿತ್ತು: ಕರೆ, ಮೆನು, ಹಿಂದಕ್ಕೆ, ಮುಗಿಸು ಗುಂಡಿಗಳು, ನಡುವೆ ಹೆಬ್ಬೆರಳಿನಡಿಯ ಪುಟ್ಟ ಟ್ರ್ಯಾಕ್‌ಪ್ಯಾಡು. ಪದದ ನಡುವೆ ಕರ್ಸರ್ ಇಡಲು ಹತ್ತು ವರ್ಷದಿಂದ ನೋಡದೆಯೇ ಆಡುತ್ತಿದ್ದ ಬೆರಳಿಗೆ ಅಲ್ಲಿ ಏನೂ ಸಿಗುತ್ತಿರಲಿಲ್ಲ. ಹಳೆಯ ಜಾವಾ ಆ್ಯಪ್ ಒಂದೂ ಓಡುತ್ತಿರಲಿಲ್ಲ. ಕಂಪನಿಯ ಜಾಲದಲ್ಲಿ ಹಿಂಡಿ ಕಳಿಸುತ್ತಿದ್ದ ಅಗ್ಗದ ಡೇಟಾ ಯೋಜನೆಯೂ ಹೊಸ ಫೋನಿಗೆ ಅನ್ವಯಿಸದು, ಎಲ್ಲ ಫೋನಿನಂತೆ ಡೇಟಾ ಕೊಳ್ಳಬೇಕು. ಆ ಐಟಿ ಮ್ಯಾನೇಜರು ಹೊಸ ಸರ್ವರ್ ಹಾಕಿಸಬೇಕು. ಹೇಗೂ ಹೊಸದು ಹಾಕುವುದಾದರೆ ಐಫೋನನ್ನೂ ಆಂಡ್ರಾಯ್ಡನ್ನೂ ನೋಡಿಕೊಳ್ಳುವಂಥದ್ದು ಹಾಕೋಣ ಎಂದು ಅವನು ಯೋಚಿಸಿದ್ದರಲ್ಲಿ ತಪ್ಪೇನು? ಹಳೆಯ ಗಿರಾಕಿಗೆ ಬ್ಲ್ಯಾಕ್‌ಬೆರಿ 10ಕ್ಕೆ ಹೋಗುವುದೂ ಬೇರೆ ಕಂಪನಿಗೆ ಹೋಗುವುದೂ ಹೆಚ್ಚುಕಮ್ಮಿ ಅಷ್ಟೇ ಶ್ರಮದ ಕೆಲಸವಾಯಿತು.

2013ರ ನಡುವಿನ ತ್ರೈಮಾಸಿಕದಲ್ಲಿ ಕಂಪನಿ ಲೆಕ್ಕಕ್ಕೆ ತೆಗೆದುಕೊಂಡ 37 ಲಕ್ಷ ಫೋನುಗಳಲ್ಲಿ ಹೆಚ್ಚಿನವು ಹಳೆಯ ವ್ಯವಸ್ಥೆಯಾದ ಬ್ಲ್ಯಾಕ್‌ಬೆರಿ 7ರವು. ಮುಂದಿನ ತ್ರೈಮಾಸಿಕದಲ್ಲಿ ಜನ ಕೊಂಡ 43 ಲಕ್ಷದಲ್ಲಿ 32 ಲಕ್ಷ ಹಳೆಯವೇ. ನಿಷ್ಠರು ನಿಷ್ಠರಾಗಿಯೇ ಇದ್ದರು. ಅವರ ನಿಷ್ಠೆ ಇದ್ದದ್ದು ತಮಗೆ ರೂಢಿಯಾದ ಯಂತ್ರಕ್ಕೆ. ಅದೇ ಆಗಸ್ಟ್‌ನಲ್ಲಿ ಹಳೆಯ ವ್ಯವಸ್ಥೆಯ 9720 ಎಂಬ ಹೊಸ ಫೋನನ್ನು ಕಂಪನಿಯೇ ಹೊರತಂದದ್ದು ಇದನ್ನು ಒಪ್ಪಿಕೊಂಡಂತೆಯೇ.

ಸೆಪ್ಟೆಂಬರಿನಲ್ಲಿ 96.5 ಕೋಟಿ ಡಾಲರ್ ನಷ್ಟ ಹೊರಬಿತ್ತು. ಬಹುಪಾಲು ಮಾರಾಟವಾಗದ ಝಡ್10 ದಾಸ್ತಾನಿನದು. 4,500 ಮಂದಿಯ ಕೆಲಸ ಹೋಯಿತು. ಕಂಪನಿಯ ಕೈಹಿಡಿಯಲು ಬಂದವರು ಹೈದರಾಬಾದಿನಲ್ಲಿ ಹುಟ್ಟಿ, ಮದ್ರಾಸ್ ಐಐಟಿಯಲ್ಲಿ ಓದಿ ಟೊರೊಂಟೊದಲ್ಲಿ ನೆಲೆಸಿದ, ಫೇರ್‌ಫ್ಯಾಕ್ಸ್ ಹಣಕಾಸು ಸಂಸ್ಥೆಯ ಪ್ರೇಮ್ ವತ್ಸ.  ಪೂರ್ತಿ ಕೊಳ್ಳುವ ಮೊದಲ ಯೋಚನೆ ಕೈಬಿಟ್ಟು, ಇತರರ ಜೊತೆಗೂಡಿ ನೂರು ಕೋಟಿ ಡಾಲರ್ ಸಾಲದ ರೂಪದಲ್ಲಿ ಹಾಕಿದರು. ನವೆಂಬರಿನಲ್ಲಿ ಹೈನ್ಸ್ ಹೋಗಿ ಜಾನ್ ಚೆನ್ ಬಂದರು.

ಚೆನ್ ಹಳಬರ ಮಾತು ಕೇಳಿದರು. 2014ರ ಡಿಸೆಂಬರಿನಲ್ಲಿ ಬಂದ ‘ಕ್ಲಾಸಿಕ್’ ಫೋನಿನಲ್ಲಿ ಆ ಗುಂಡಿಗಳ ಸಾಲೂ ಟ್ರ್ಯಾಕ್‌ಪ್ಯಾಡೂ ಮರಳಿದವು. ಅದಕ್ಕೆ ಮೊದಲೇ ಸೆಪ್ಟೆಂಬರಿನಲ್ಲಿ ಬಂದ ಚಚ್ಚೌಕದ ‘ಪಾಸ್‌ಪೋರ್ಟ್’ನಲ್ಲಿ ಕೀಲಿಗಳ ಮೇಲೆಯೇ ಬೆರಳು ಸವರಿ ಪುಟ ಸರಿಸಬಹುದಿತ್ತು, ಇಂಥ ಧೈರ್ಯದ ಫೋನನ್ನು ಆ ಮೇಲೆ ಯಾರೂ ಮಾಡಿದಂತಿಲ್ಲ. ಚೆನ್ ಬರುವ ತುಸು ಮೊದಲೇ ಬಿಬಿಎಂ ಬೇರೆ ಫೋನುಗಳಿಗೂ ಹೋಗಿ ಮೊದಲ ದಿನವೇ ಒಂದು ಕೋಟಿ ಜನ ಇಳಿಸಿಕೊಂಡಿದ್ದರು. ಎಲ್ಲವೂ ಎರಡು ವರ್ಷ ತಡ. ಫಿಲಿಪ್ ಬೀದಿಯ ಕಡೆಯ ಐದು ಕಟ್ಟಡಗಳನ್ನು ವಾಟರ್‌ಲೂ ವಿಶ್ವವಿದ್ಯಾಲಯವೇ 4.1 ಕೋಟಿ ಡಾಲರಿಗೆ ಕೊಂಡುಕೊಂಡಿತು. 2016ರ ಸೆಪ್ಟೆಂಬರಿನಲ್ಲಿ ಸ್ವಂತ ಫೋನ್ ತಯಾರಿಕೆಗೆ ವಿರಾಮ ಹೇಳಿ, ಹೆಸರನ್ನಷ್ಟೇ ಬೇರೆಯವರಿಗೆ ಪರವಾನಗಿಗೆ ಕೊಟ್ಟರು.

2016ರಿಂದ ಈಚೆಗೆ

ಹಳೆಯ ವ್ಯವಸ್ಥೆ, ಬ್ಲ್ಯಾಕ್‌ಬೆರಿ 10, ಪ್ಲೇಬುಕ್ ಮೂರರ ಸೇವೆಯೂ 2022ರ ಜನವರಿ 4ರಂದು ಒಟ್ಟಿಗೇ ನಿಂತಿತು. ನಿಲ್ಲದೆ ಉಳಿದದ್ದು ಅವುಗಳಲ್ಲಿ ಎರಡರ ಅಡಿಯಲ್ಲಿದ್ದ ಕ್ಯೂಎನ್‌ಎಕ್ಸ್. ಕಾರಿನ ವೇಗಮಾಪಕದ ಪರದೆ, ಬ್ರೇಕಿಗೆ ನೆರವಾಗುವ ಗಣಕ, ಚಾಲಕನಿಗೆ ಎಚ್ಚರಿಕೆ ಕೊಡುವ ಕ್ಯಾಮೆರಾ ಇವುಗಳಿಗೆಲ್ಲ ಅದೇ ಬೇಲಿ ಹಾಕಿದ ಒಳರಚನೆ ಬೇಕಾಯಿತು. ಕಾರು ತಯಾರಕರು ಒಮ್ಮೆ ಒಪ್ಪಿದರೆ ಹತ್ತಾರು ವರ್ಷ ಬದಲಿಸುವುದಿಲ್ಲ. ಈ ಬಗೆಯ ಗಿರಾಕಿಯನ್ನು ವಾಟರ್‌ಲೂನವರು ಮೊದಲಿನಿಂದಲೂ ಬಲ್ಲವರು. ನಲವತ್ತನೆಯ ವರ್ಷವಾದ 2024ರಲ್ಲಿ ಕಂಪನಿ ಕೊಟ್ಟ ಲೆಕ್ಕದಂತೆ 25.5 ಕೋಟಿ ವಾಹನಗಳಲ್ಲಿ ಕ್ಯೂಎನ್‌ಎಕ್ಸ್ ಇತ್ತು. ಫೋನುಗಳ ಉತ್ತುಂಗದಲ್ಲಿದ್ದ ಚಂದಾದಾರರ ಮೂರು ಪಟ್ಟಿಗೂ ಹೆಚ್ಚು.

ಇದರ ಕೆಲಸಕ್ಕೆಂದು 2023ರಲ್ಲಿ ಹೈದರಾಬಾದಿನಲ್ಲಿ ಎಂಜಿನಿಯರಿಂಗ್ ಕೇಂದ್ರ ಆರಂಭವಾಯಿತು. ಅದೇ ವರ್ಷದ ಕೊನೆಗೆ ಚೆನ್ ನಿವೃತ್ತರಾಗಿ ಜಾನ್ ಜಿಯಮಾಟಿಯೊ ಮುಖ್ಯಸ್ಥರಾದರು. ಇಷ್ಟು ವರ್ಷ ‘ಬ್ಲ್ಯಾಕ್‌ಬೆರಿ ಐಒಟಿ’ ಎಂದು ಕರೆಯುತ್ತಿದ್ದ ವಿಭಾಗಕ್ಕೆ 2025ರ ಜನವರಿಯಲ್ಲಿ ಕ್ಯೂಎನ್‌ಎಕ್ಸ್ ಎಂಬ ಹೆಸರನ್ನೇ ಮರಳಿ ಕೊಟ್ಟರು.